ಗಾಲಿಯ ಗುಂಗು

ಹಳೆಯ ಪಿಕಪ್ಪಿನಲ್ಲಿ ಸದ್ದು ಮಾಡದ ಭಾಗ ಸಿಗುವುದು ಕಷ್ಟ. ಬಾಗಿಲ ಗಾಜು ಅಲುಗುತ್ತದೆ, ಹಿಂದಿನ ಹಲಗೆಯ ಚೈನು ಝಣಗುಟ್ಟುತ್ತದೆ, ಹಂಪು ಹತ್ತಿಳಿದಾಗ ಕಮಾನು ಪಟ್ಟಿಗಳು ಕಿರ್ರೆನ್ನುತ್ತವೆ, ಸ್ಟೆಪ್ನಿ ಕುಳಿತಲ್ಲೇ ಗೊಣಗುತ್ತದೆ. ದಿನವೂ ಓಡಿಸುವವರ ಕಿವಿ ಇವನ್ನೆಲ್ಲ ಗಂಟು ಕಟ್ಟಿ ಮೂಲೆಗಿಟ್ಟಿರುತ್ತದೆ. ಗಾಡಿ ಸುಮ್ಮನಿದೆ ಎಂದೇ ಅವರ ಲೆಕ್ಕ. ಆದರೆ ಆ ಗದ್ದಲದೊಳಗೆ ನಿನ್ನೆ ಇಲ್ಲದ ಸದ್ದೊಂದು ಬಂದು ಸೇರಲಿ, ಎಷ್ಟೇ ಸಣ್ಣದಿರಲಿ, ಸ್ಟಿಯರಿಂಗ್ ಮೇಲಿನ ಕೈ ತಟ್ಟನೆ ಬಿಗಿಯುತ್ತದೆ. ರೇಡಿಯೋ ಆಫ್ ಆಗುತ್ತದೆ. ಪಕ್ಕದಲ್ಲಿ ಕೂತವರಿಗೆ ‘ಒಂದ್ನಿಮಿಷ ಮಾತಾಡಬೇಡಿ’ ಎಂಬ ಅಪ್ಪಣೆಯಾಗುತ್ತದೆ. ನೂರು ಸದ್ದುಗಳ ನಡುವೆ ನೂರಾ ಒಂದನೆಯದನ್ನು ಹೆಕ್ಕಿ ತೆಗೆಯುವ ಕಿವಿಯ ಈ ಶಕ್ತಿಯ ಬಗ್ಗೆ ನನಗೆ ಬಹಳ ಗೌರವ.

ನಮ್ಮ ಭಾವನ ಪಿಕಪ್ಪಿಗೆ ಅಂಥದೊಂದು ಸದ್ದು ಸೇರಿಕೊಂಡದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಅವರ ಮನೆ ಕೆ.ಆರ್. ಪುರದಲ್ಲಿ. ಹೊಸಕೋಟೆ ಕಡೆಯ ತೋಟಗಳ ಸೊಪ್ಪು, ಹುರುಳಿಕಾಯಿ, ಮೂಲಂಗಿ ತುಂಬಿಕೊಂಡು ಕೋಳಿ ಕೂಗುವ ಮೊದಲೇ ಹಳೆ ಮದ್ರಾಸ್ ರಸ್ತೆ ಹಿಡಿಯುತ್ತಾರೆ. ಟಿನ್ ಫ್ಯಾಕ್ಟರಿ, ಬೈಯಪ್ಪನಹಳ್ಳಿ, ಹಲಸೂರು ದಾಟಿ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಬಳಿ ಸರಕು ಇಳಿಸಿ, ಬಿಸಿಲೇರುವುದರೊಳಗೆ ವಾಪಸ್. ಗಾಡಿ ಕೆಎ–53 ನಂಬರಿನದು. ಬಾಡಿಗೆ ಗಾಡಿಗಳಿಗೆ 8 ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ ಎಫ್.ಸಿ. ಮಾಡಿಸಿದರೆ ಸಾಕು, ಆಮೇಲೆ ವರ್ಷ ವರ್ಷವೂ ಆಗಬೇಕು. ಭಾವನ ಗಾಡಿ ಆ ಎರಡನೇ ಸಾಲಿಗೆ ಸೇರಿ ಬಹಳ ಕಾಲವಾಯಿತು.

“ಮೂರನೇ ಗೇರಿಗೆ ಬಿದ್ದ ಮೇಲೆ ಶುರುವಾಗುತ್ತೆ ಕಣಪ್ಪ,” ಎಂದರು ಭಾವ. “ಗುಂಯ್ ಅಂತ. ಬರೀ ಗುಂಯ್ ಅಲ್ಲ, ಅದರೊಳಗೆ ಒಂದು ಗರಗರ ಇದೆ. ನಲವತ್ತು ದಾಟಿದರೆ ಜೋರು. ಬಲಗಡೆಯಿಂದ ಬರೋ ಹಾಗಿದೆ, ನನ್ನ ಕಾಲ ಕೆಳಗಿಂದ.”

ಇದಕ್ಕಿಂತ ಒಳ್ಳೆಯ ವರದಿ ಬೇಕಿಲ್ಲ. ಸದ್ದು ಎಂಥದು, ಯಾವ ವೇಗದಲ್ಲಿ ಹುಟ್ಟುತ್ತದೆ, ಯಾವ ವೇಗದಲ್ಲಿ ಏರುತ್ತದೆ, ಎಲ್ಲಿಂದ ಬಂದಂತೆ ಕೇಳುತ್ತದೆ, ನಾಲ್ಕೂ ಅದರಲ್ಲಿವೆ. ಆದರೆ ಅದನ್ನು ಕೇಳುವ ವ್ಯವಧಾನ ಎಲ್ಲರಿಗೂ ಇರುವುದಿಲ್ಲ. ಭಾವ ಮೊದಲು ಗಾಡಿ ನಿಲ್ಲಿಸಿದ ವರ್ಕ್‌ಶಾಪಿನಲ್ಲಿ ಗಾಡಿ ಓಡಿಸಿ ನೋಡುವ ಗೋಜಿಗೇ ಹೋಗದೆ, ಟೈರುಗಳ ಮೇಲೊಮ್ಮೆ ಕಣ್ಣಾಡಿಸಿ ‘ನಾಲ್ಕೂ ಹೊಸದು ಹಾಕಿಸಿ, ಸದ್ದು ಹೋಗುತ್ತೆ’ ಎಂದರಂತೆ. ನಾಲ್ಕು ಟೈರಿನ ಬೆಲೆ ಸೊಪ್ಪು ಸಾಗಿಸುವವರಿಗೆ ಸಣ್ಣದಲ್ಲ. ಮೇಲಾಗಿ, ಟೈರೇ ಹೌದೋ ಅಲ್ಲವೋ ಎಂದು ತಿಳಿಯುವುದಕ್ಕೆ ಕಾಸು ಖರ್ಚಿಲ್ಲದ ದಾರಿಗಳಿವೆ. ಆ ದಾರಿಗಳನ್ನು ಹೇಳಬೇಕೆಂದೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಗಾಡಿಯ ಸದ್ದನ್ನು ಹುಡುಕುವವರು ಮೊದಲು ಕೇಳಿಕೊಳ್ಳಬೇಕಾದ್ದು ‘ಎಲ್ಲಿ’ ಎಂದಲ್ಲ, ‘ಯಾವಾಗ’ ಎಂದು. ಕಿವಿ ದಿಕ್ಕಿನ ವಿಷಯದಲ್ಲಿ ಸುಲಭವಾಗಿ ಮೋಸಹೋಗುತ್ತದೆ. ಚಾಸಿ ಉದ್ದನೆಯ ಕಬ್ಬಿಣ. ಅದರ ಒಂದು ತುದಿಯಲ್ಲಿ ಹುಟ್ಟಿದ ಸದ್ದು ಇನ್ನೊಂದು ತುದಿಯಲ್ಲಿ ಕೇಳಿಸೀತು. ‘ಯಾವಾಗ’ ಎಂಬುದರಲ್ಲಿ ಅಂಥ ಮೋಸವಿಲ್ಲ. ಬ್ರೇಕ್ ಮೆಲ್ಲಗೆ ಮುಟ್ಟಿದಾಗ ಸದ್ದು ಬದಲಾದರೆ ಬ್ರೇಕಿನ ಕಡೆ ನೋಡಬೇಕು: ಸವೆದ ಪ್ಯಾಡು, ಡ್ರಮ್ಮಿನೊಳಗೆ ಕಳಚಿದ ಸ್ಪ್ರಿಂಗು, ಅಥವಾ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಿಕ್ಕಿಕೊಂಡ ಜಲ್ಲಿಕಲ್ಲು. ಅಗೆದು ಮುಚ್ಚಿ ಮತ್ತೆ ಅಗೆಯುವ ನಮ್ಮೂರ ರಸ್ತೆಗಳಲ್ಲಿ ಈ ಕೊನೆಯದು ಧಾರಾಳ. ಗಾಲಿಯೇ ಕಳಚಿ ಬೀಳುತ್ತದೇನೋ ಎಂಬಷ್ಟು ಕರ್ಕಶವಾಗಿ ಕಿರುಚಿ, ರಿವರ್ಸಿನಲ್ಲಿ ನಾಲ್ಕು ಮಾರು ಹೋದೊಡನೆ ಕಲ್ಲು ಉದುರಿ ಎಲ್ಲ ಶಾಂತವಾಗುವುದೂ ಉಂಟು. ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು ಸ್ವರ ಬಂದರೆ ಹಿಂದಿನ ಹೌಸಿಂಗಿನ ಕ್ರೌನು–ಪಿನಿಯನ್ನು ಮಾತಾಡುತ್ತಿವೆ. ಗೇರಿಗೆ ಹಾಕಿ ಕ್ಲಚ್ ಬಿಡುವ ಗಳಿಗೆಯಲ್ಲಿ ‘ಠಕ್’ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು. ಖಾಲಿ ಗಾಡಿಯಲ್ಲಿ ಕಿರ್ರೆಂದು ಲೋಡು ಬಿದ್ದಾಗ ಸುಮ್ಮನಾದರೆ ಪಟ್ಟಿಗಳದೋ ಅವುಗಳ ಬುಷ್ಷಿನದೋ ಸದ್ದು. ಇನ್ನು ಸಪಾಟಾದ ರಸ್ತೆ, ನೇರ ಓಟ, ಒಂದೇ ವೇಗ, ಬ್ರೇಕೂ ಇಲ್ಲ, ಗೇರು ಬದಲಾವಣೆಯೂ ಇಲ್ಲ, ಆದರೂ ಸದ್ದು ಬಿಡದೆ ಹಿಂಬಾಲಿಸಿದರೆ ಉಳಿಯುವುದು ಎರಡೇ: ಟೈರು, ಇಲ್ಲವೇ ಬೇರಿಂಗು.

ಈ ಎರಡನ್ನು ಬೇರ್ಪಡಿಸುವುದು ರಸ್ತೆಯೇ. ಹಳೆಯ ಡಾಂಬರಿನಿಂದ ವೈಟ್ ಟಾಪಿಂಗ್ ಕಾಂಕ್ರೀಟಿಗೆ ಹತ್ತಿದೊಡನೆ ಸದ್ದಿನ ಬಣ್ಣ ಬದಲಾದರೆ ಟೈರಿನದು. ಅಲ್ಲೂ ಇಲ್ಲೂ ಒಂದೇ ಆಗಿದ್ದರೆ ಬೇರಿಂಗಿನದು. ಇಷ್ಟಕ್ಕೂ ಸಮಾಧಾನವಾಗದಿದ್ದರೆ ಮುಂದಿನ ಟೈರು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿಸಿ ಒಂದು ಸುತ್ತು ಹೊಡೆಯಬೇಕು. ಸದ್ದು ಟೈರಿನ ಜೊತೆಗೆ ಜಾಗ ಬದಲಿಸಿತೋ, ಟೈರು ತಪ್ಪಿತಸ್ಥ. ಇದ್ದಲ್ಲೇ ಇತ್ತೋ, ಹೊಸ ಟೈರಿನ ದುಡ್ಡು ಉಳಿಯಿತು. ಪಂಕ್ಚರ್ ಅಂಗಡಿಯಲ್ಲಿ ಒಂದು ಟೀ ಕುಡಿಯುವಷ್ಟು ಹೊತ್ತಿನ ಕೆಲಸ. ಭಾವ ಮಾಡಿಸಿದರು. ಸದ್ದು ಇದ್ದಲ್ಲೇ ಇತ್ತು.

ಟಿನ್ ಫ್ಯಾಕ್ಟರಿ ಜಾಮಿನ ಬಗ್ಗೆ ಒಳ್ಳೆಯ ಮಾತಾಡುವವರನ್ನು ನಾನು ಕಂಡಿಲ್ಲ. ಹೊರವರ್ತುಲ ರಸ್ತೆ, ಹಳೆ ಮದ್ರಾಸ್ ರಸ್ತೆ, ತೂಗುಸೇತುವೆಯಿಂದ ಇಳಿದವರು, ಮೆಟ್ರೋ ಹತ್ತಲು ಹೊರಟವರು, ಆಂಧ್ರ ತಮಿಳುನಾಡಿನ ಬಸ್ಸುಗಳಿಗೆ ಕಾದವರು, ಎಲ್ಲರೂ ಅಲ್ಲಿ ಒಟ್ಟಾಗುತ್ತಾರೆ. ಆದರೆ ಗಾಲಿಯ ಸದ್ದು ಹುಡುಕುವವರಿಗೆ ಆ ತೆವಳುವಿಕೆಯಷ್ಟು ಅನುಕೂಲದ್ದು ಇನ್ನೊಂದಿಲ್ಲ. ಲೆಕ್ಕ ಸರಳ. ಪಿಕಪ್ಪಿನ ಟೈರು ಅಡ್ಡಕ್ಕೆ ಸುಮಾರು 70 ಸೆಂಟಿಮೀಟರ್ ಎಂದುಕೊಂಡರೆ, ಒಂದು ಸುತ್ತಿಗೆ ಗಾಡಿ ಸುಮಾರು 2.2 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 8 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಅಷ್ಟೇ, 2.2 ಮೀಟರ್. ಅಂದರೆ ಜಾಮಿನಲ್ಲಿ ತೆವಳುವಾಗ ಗಾಲಿ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸುತ್ತು ಸುತ್ತುತ್ತದೆ. ‘ಟಿಕ್’ ಎಂಬ ಸದ್ದು ಗಡಿಯಾರದ ಮುಳ್ಳಿನ ಜೊತೆಗೇ ಬಂದರೆ ಅದು ಗಾಲಿಗೆ ಸೇರಿದ್ದು: ಟೈರಿನ ಸಂದಿಗೆ ಹೊಕ್ಕ ಕಲ್ಲು, ಮೊಳೆ, ಉಬ್ಬಿದ ಟೈರು, ಡ್ರಮ್ಮಿಗೆ ಒಂದು ಕಡೆ ತಗಲುವ ಲೈನರು. ಸೆಕೆಂಡಿಗೆ ನಾಲ್ಕು ಬಾರಿ ಬಂದರೆ ಪ್ರೊಪೆಲ್ಲರ್ ಶಾಫ್ಟಿಗೆ ಸೇರಿದ್ದು. ಇಂಥ ಗಾಡಿಗಳಲ್ಲಿ ಗಾಲಿ ಒಮ್ಮೆ ಸುತ್ತುವಷ್ಟರಲ್ಲಿ ಶಾಫ್ಟು ನಾಲ್ಕರ ಆಸುಪಾಸು ಸುತ್ತಿರುತ್ತದೆ. ವೇಗ ನಲವತ್ತಕ್ಕೇರಿದರೆ ಗಾಲಿ ಸೆಕೆಂಡಿಗೆ ಐದು ಸುತ್ತು, ಶಾಫ್ಟು ಇಪ್ಪತ್ತು. ಆಗ ಎಣಿಸುವುದಕ್ಕೆ ಯಾರಿಂದಲೂ ಆಗುವುದಿಲ್ಲ. ಎಣಿಸಬೇಕಾದ್ದನ್ನು ಜಾಮಿನಲ್ಲೇ ಎಣಿಸಿಬಿಡಬೇಕು.

ಭಾವನ ಗಾಡಿ ಟಿನ್ ಫ್ಯಾಕ್ಟರಿಯಲ್ಲಿ ಏನೂ ಹೇಳಲಿಲ್ಲ. ಅದೂ ಒಂದು ಉತ್ತರವೇ. ಕಲ್ಲು, ಮೊಳೆ, ಉಬ್ಬು ಎಲ್ಲ ಪಟ್ಟಿಯಿಂದ ಹೋದವು. ಎಲ್ಲಕ್ಕಿಂತ ಭಯದ್ದು, ಸಡಿಲವಾದ ವೀಲ್ ನಟ್ಟು, ಅದೂ ಹೋಯಿತು. ನಟ್ಟು ಸಡಿಲಿದ ಗಾಲಿ ನಿಧಾನ ಹೋಗುವಾಗ ಒಳಗೊಳಗೇ ‘ದಡ್ ದಡ್’ ಎನ್ನುತ್ತದೆ. ಇಳಿದು ನೋಡಿದರೆ ನಟ್ಟಿನ ಸುತ್ತ ಹೊಸದಾಗಿ ಉಜ್ಜಿದ ಹೊಳಪೋ ತುಕ್ಕಿನ ಗೆರೆಯೋ ಕಾಣುತ್ತದೆ. ಅಂಥದ್ದು ಕಂಡರೆ ಗಾಡಿಯನ್ನು ಅಲ್ಲಿಂದ ಒಂದು ಅಡಿಯೂ ಕದಲಿಸಬಾರದು. ಬೇರೆ ಯಾವ ಸದ್ದಿನ ಜೊತೆಗಾದರೂ ಎರಡು ದಿನ ಬಾಳಬಹುದು, ಇದರ ಜೊತೆ ಬೇಡ.

ದಿಕ್ಕಿನ ವಿಷಯಕ್ಕೆ ಬರೋಣ. ಎಡಗಡೆಯೋ ಬಲಗಡೆಯೋ ಎಂಬುದನ್ನು ತೀರ್ಮಾನಿಸಲು ಒಳ್ಳೆಯ ಗೋಡೆ ಬೇಕು. ಗಾಲಿಯ ಸದ್ದು ಹೊರಗೆ ಹೋಗಿ ಗೋಡೆಗೆ ಬಡಿದು ಕಿಟಕಿಯಿಂದ ವಾಪಸ್ ಬರುವುದರಿಂದ, ಗೋಡೆಯ ಪಕ್ಕದ ಗಾಲಿ ಸ್ಪಷ್ಟವಾಗಿ ಕೇಳುತ್ತದೆ. ಹಲಸೂರು ಕೆರೆಯ ಆಸುಪಾಸಿನಲ್ಲಿ ಮದ್ರಾಸ್ ಸ್ಯಾಪರ್ಸ್‌ನವರ ಕಾಂಪೌಂಡ್ ಗೋಡೆಗಳು ಉದ್ದಕ್ಕೆ ಹೋಗಿವೆ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ದಂಡನ್ನು ತಂದು ಇಲ್ಲಿ ನೆಲೆ ನಿಲ್ಲಿಸಿದಂದಿನಿಂದ ಈ ಭಾಗದ ನೆಲದಲ್ಲಿ ಸೇನೆಯ ಪಾಲು ದೊಡ್ಡದು. ಅಂಗಡಿ ಮನೆಗಳಿಲ್ಲದ, ಸಂದುಗೊಂದು ಇಲ್ಲದ ಅಂಥ ಗೋಡೆ ಸಾಲು ನಗರದ ಬೇರೆ ಕಡೆ ಸುಲಭಕ್ಕೆ ಸಿಗದು. ನಸುಕಿನಲ್ಲಿ ಎಡಗಡೆಯ ಗಾಜು ಇಳಿಸಿ, ಗೋಡೆಗೆ ಹತ್ತಿರವಾಗಿ ಮೂರನೇ ಗೇರಿನಲ್ಲಿ ಹೋಗಬೇಕು. ಆಮೇಲೆ ಫ್ಲೈಓವರ್ ಮೇಲೆ ಬಲಗಡೆಯ ತಡೆಗೋಡೆಯ ಪಕ್ಕದಲ್ಲಿ, ಬಲಗಾಜು ಇಳಿಸಿ ಅದೇ ವೇಗದಲ್ಲಿ. ಯಾವ ಗೋಡೆ ಜಾಸ್ತಿ ಮಾತಾಡಿತು ಎಂದು ನೋಡಿದರಾಯಿತು. ಸಿ.ಎಂ.ಎಚ್. ರಸ್ತೆಯಲ್ಲಿ ಮಾತ್ರ ಈ ಪರೀಕ್ಷೆ ಮಾಡಬಾರದು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಗೂ ಎಂ.ಜಿ. ರಸ್ತೆಗೂ ನಡುವೆ ನಮ್ಮ ಮೆಟ್ರೋ ಮೊದಲ ಬಾರಿ ಓಡಿತಲ್ಲ, ಆ ಮಾರ್ಗದ ಕಂಬಗಳು ಅಲ್ಲಿ ಸಾಲಾಗಿ ನಿಂತಿವೆ. ಕಂಬ ಬಂದಾಗ ಸದ್ದು ಏರಿ, ದಾಟಿದಾಗ ಇಳಿದು, ಏಕವಾಗಿದ್ದ ಗುಂಯ್ ತುಂಡುತುಂಡಾಗಿ ಕೇಳಿಸುತ್ತದೆ. ಗಾಲಿ ಸೊಟ್ಟಗಾಗಿದೆ ಎಂದು ಹೊಸಬರು ಹೆದರುವುದು ಇಂಥಲ್ಲೇ.

ಗೋಡೆ ಎಡಗಡೆ ಎಂದಿತು. ಭಾವನಿಗೆ ನಂಬಿಕೆ ಬರಲಿಲ್ಲ. “ನನ್ನ ಕಾಲ ಕೆಳಗೇ ಇದೆ ಅದು,” ಎಂಬ ಹಟ.

ಕಿವಿಯಿಂದ ಕಬ್ಬಿಣದ ಒಳಗನ್ನು ತಿಳಿಯುವ ವಿದ್ಯೆ ಈ ಊರಿಗೆ ಮೋಟಾರು ಬರುವ ಮೊದಲೇ ಬಂದದ್ದು ಎಂದು ಇಲ್ಲಿ ನೆನೆಯಬೇಕು. ಜೋಲಾರಪೇಟೆಯಿಂದ ದಂಡು ರೈಲು ನಿಲ್ದಾಣಕ್ಕೆ ಮೊದಲ ರೈಲು ಮಾರ್ಗ ತೆರೆದದ್ದು 1864ರಲ್ಲಿ. ರೈಲು ಇದ್ದಲ್ಲೆಲ್ಲ ಗಾಲಿ ಬಡಿದು ನೋಡುವವರೂ ಇರುತ್ತಿದ್ದರು. ಉದ್ದ ಹಿಡಿಯ ಸುತ್ತಿಗೆ ಹಿಡಿದು, ನಿಂತ ಗಾಡಿಯ ಉದ್ದಕ್ಕೂ ನಡೆಯುತ್ತಾ ಒಂದೊಂದೇ ಗಾಲಿಗೆ ಹೊಡೆಯುವುದು. ಗಟ್ಟಿ ಗಾಲಿ ‘ಠಣ್’ ಎಂದು ದನಿ ಎಳೆಯುತ್ತದೆ. ಬಿರುಕು ಬಿಟ್ಟದ್ದು ‘ಥಪ್’ ಎಂದು ಅಲ್ಲೇ ಸಾಯುತ್ತದೆ. ನೂರಾರು ಜನರ ಪ್ರಾಣ ಆ ಎರಡು ಸದ್ದುಗಳ ನಡುವಿನ ವ್ಯತ್ಯಾಸವನ್ನು ಅವಲಂಬಿಸಿತ್ತು. ಈಗ ಕಿವಿಗೆ ನಿಲುಕದ ಶಬ್ದವನ್ನು ಲೋಹದೊಳಕ್ಕೆ ಕಳಿಸಿ ಪ್ರತಿಧ್ವನಿ ಓದುವ ಯಂತ್ರಗಳಿವೆ. ದೇಶದ ರೈಲುಗಳಿಗೆ ಗಾಲಿ ಮತ್ತು ಅಚ್ಚು ಮಾಡುವ ಕಾರ್ಖಾನೆ 1984ರಿಂದ ನಮ್ಮ ಯಲಹಂಕದಲ್ಲೇ ಇದೆ. ಅಲ್ಲಿ ತಯಾರಾದ ಅಚ್ಚುಗಳು ಆ ಪರೀಕ್ಷೆ ದಾಟಿಯೇ ಹೊರಬೀಳುತ್ತವೆ. ಸುತ್ತಿಗೆ ಹೋಗಿ ಯಂತ್ರ ಬಂದರೂ ಉಪಾಯ ಒಂದೇ: ತಟ್ಟು, ಏನು ಹಿಂದಿರುಗುತ್ತದೆ ಕೇಳು. ಹಳೆ ಮದ್ರಾಸ್ ರಸ್ತೆಯ ಬದಿಯಲ್ಲಿ ಲಾರಿ ನಿಲ್ಲಿಸಿ ಕ್ಲೀನರ್ ಹುಡುಗ ಕಬ್ಬಿಣದ ಸಲಾಕೆಯಿಂದ ಹಿಂದಿನ ಜೋಡಿ ಟೈರುಗಳಿಗೆ ಬಡಿಯುತ್ತಾ ಹೋಗುವುದನ್ನು ನೀವೂ ನೋಡಿರುತ್ತೀರಿ. ಗಾಳಿ ತುಂಬಿದ್ದು ಪುಟಿಯುತ್ತದೆ, ಇಳಿದದ್ದು ‘ದೊಪ್’ ಎನ್ನುತ್ತದೆ. ಆ ಹುಡುಗನೂ ರೈಲಿನ ಸುತ್ತಿಗೆಯವರ ವಂಶದವನೇ.

ವೈದ್ಯರಿಗೂ ಈ ವಿದ್ಯೆ ಬಂದದ್ದು ಹೀಗೆಯೇ ಎಂದು ಓದಿದಾಗ ನನಗೆ ಬಹಳ ಸಂತೋಷವಾಗಿತ್ತು. ಎದೆಯ ಮೇಲೆ ಬೆರಳಿಟ್ಟು ತಟ್ಟಿ ಒಳಗೆ ನೀರು ತುಂಬಿದೆಯೇ ಎಂದು ತಿಳಿಯುವ ಕ್ರಮವನ್ನು 1761ರಲ್ಲಿ ಪುಸ್ತಕವಾಗಿ ಬರೆದವನು ವಿಯೆನ್ನಾದ ವೈದ್ಯ ಔಎನ್‌ಬ್ರುಗ್ಗರ್. ಅವನ ತಂದೆ ಛತ್ರ ನಡೆಸುತ್ತಿದ್ದವನು. ಪೀಪಾಯಿ ತಟ್ಟಿ ಒಳಗೆಷ್ಟು ಮದ್ಯ ಉಳಿದಿದೆ ಎಂದು ನೋಡುವುದು ಆ ಮನೆಯಲ್ಲಿ ದಿನನಿತ್ಯದ ಕೆಲಸ. ಮುಂದೆ 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಕಾಗದ ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದ. ಅದೇ ಬೆಳೆದು ಸ್ಟೆತಾಸ್ಕೋಪ್ ಆಯಿತು. ಶಿವಾಜಿನಗರದಲ್ಲಿ ಬೌರಿಂಗ್ ಆಸ್ಪತ್ರೆಯಿಂದ ಗುಜರಿ ಬೀದಿಗಳಿಗೆ ನಡೆದೇ ಹೋಗಬಹುದು. ಒಂದು ಕಡೆ ಕೊರಳಲ್ಲಿ ಸ್ಟೆತಾಸ್ಕೋಪ್, ಇನ್ನೊಂದು ಕಡೆ ಕಿವಿಗೆ ಆನಿಸಿದ ಉದ್ದನೆಯ ಸ್ಕ್ರೂಡ್ರೈವರ್.

ಈ ಸ್ಕ್ರೂಡ್ರೈವರ್ ವಿದ್ಯೆಯನ್ನು ನನಗೆ ತೋರಿಸಿದವರು ಎನ್‌ಜಿಇಎಫ್‌ನಲ್ಲಿ ಮೋಟಾರ್ ಜೋಡಣೆ ಮಾಡುತ್ತಿದ್ದ ನಮ್ಮ ಬೀದಿಯ ಹಿರಿಯರೊಬ್ಬರು. ಬೈಯಪ್ಪನಹಳ್ಳಿಯ ಆ ಕಾರ್ಖಾನೆ 1956ರಲ್ಲಿ ಶುರುವಾಗಿ 2002ರಲ್ಲಿ ಮುಚ್ಚಿತು. ಅದಕ್ಕೆ ಮುಂಚೆ 1948ರಲ್ಲಿ ದೂರವಾಣಿನಗರದ ಐ.ಟಿ.ಐ., ಅದಕ್ಕೂ ಮುಂಚೆ 1940ರಲ್ಲಿ ಎಚ್.ಎ.ಎಲ್. ಶುರುವಾಗಿದ್ದವು. ನಗರದ ಪೂರ್ವಭಾಗ ಇವತ್ತು ಕಂಪ್ಯೂಟರಿನವರದೆಂದು ಹೆಸರಾಗಿರಬಹುದು. ಅದನ್ನು ಕಟ್ಟಿದವರು ಫಿಟ್ಟರುಗಳು, ಟರ್ನರುಗಳು, ವೆಲ್ಡರುಗಳು. ಶಿಫ್ಟು ಮುಗಿಸಿ ಸೈಕಲ್ ತುಳಿದು ಮನೆಗೆ ಬಂದ ಮೇಲೂ ಅವರ ಕಿವಿಗಳು ಕೆಲಸ ನಿಲ್ಲಿಸುತ್ತಿರಲಿಲ್ಲ. ನಮ್ಮ ಹಿರಿಯರು ನಮ್ಮ ಮನೆಯ ಮಿಕ್ಸಿ ಕೇಳಿ ‘ಕೆಳಗಿನ ಬುಷ್ಷು ಒಣಗಿದೆ, ಎರಡು ಹನಿ ಎಣ್ಣೆ ಬಿಡಿ’ ಎಂದು ರಸ್ತೆಯಿಂದಲೇ ಕೂಗಿ ಹೇಳಿದ್ದುಂಟು. ಹೊಸ ಮೋಟಾರು ತಿರುಗಿಸಿ, ಬೇರಿಂಗಿನ ಮನೆಯ ಮೇಲೆ ಸ್ಕ್ರೂಡ್ರೈವರಿನ ತುದಿಯಿಟ್ಟು, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿ ಕೇಳುವುದು ಅವರ ಕ್ರಮ. ಒಳ್ಳೆಯ ಬೇರಿಂಗು ಮಳೆ ದೂರದಲ್ಲಿ ಸುರಿದ ಹಾಗೆ ಒಂದೇ ಸಮ ‘ಸ್ಸ್’ ಎನ್ನುತ್ತದಂತೆ. ಕೆಟ್ಟದ್ದು ನಡುನಡುವೆ ಉಗುಳುತ್ತದೆ.

ಕಾರ್ಖಾನೆ ಮುಚ್ಚಿದರೆ ಯಂತ್ರಗಳನ್ನು ಹರಾಜು ಹಾಕಬಹುದು. ಕಿವಿಗಳನ್ನು ಏನು ಮಾಡಿದೆವು? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅಷ್ಟು ಜನ ಕುಶಲಕರ್ಮಿಗಳು ಹಳೆ ಮದ್ರಾಸ್ ರಸ್ತೆಯ ಎರಡೂ ಬದಿಯ ಬಡಾವಣೆಗಳಲ್ಲಿ ನಿವೃತ್ತರಾಗಿ ಕೂತಿದ್ದಾರೆ. ಅವರಿಂದ ಕಲಿಯಬಹುದಾದ ಹುಡುಗರು ಅದೇ ಬಡಾವಣೆಯಲ್ಲಿ ಕೆಲಸ ಹುಡುಕುತ್ತಿದ್ದಾರೆ. ಇಬ್ಬರನ್ನೂ ಒಂದು ಬೆಂಚಿನ ಮೇಲೆ ಕೂರಿಸುವ ಮನಸ್ಸು ನಮಗಿರಬೇಕಿತ್ತು.

ಆಯಿತು, ಗಾಡಿಗೆ ಬರುತ್ತೇನೆ. ಭಾವ ಬಹಳ ವರ್ಷಗಳಿಂದ ನಂಬಿಕೊಂಡು ಬಂದಿರುವ ಮೇಸ್ತ್ರಿಯೊಬ್ಬರು ಶಿವಾಜಿನಗರದಲ್ಲಿದ್ದಾರೆ. ಎಲ್ಲರೂ ಅವರನ್ನು ಭಾಯ್ ಎಂದೇ ಕರೆಯುವುದು. ತಮಿಳಿನವರೊಡನೆ ತಮಿಳು, ಮನೆಯವರೊಡನೆ ದಖ್ಖನಿ, ನಮ್ಮೊಡನೆ ಕನ್ನಡ. ಮಾರ್ಕೆಟ್ಟಿನಲ್ಲಿ ಸೊಪ್ಪು ಇಳಿಸಿದ ಮೇಲೆ ಗಾಡಿಯನ್ನು ಅಲ್ಲಿಗೇ ಒಯ್ದೆವು.

“ಅಣ್ಣಾ, ಏನೂ ಹೇಳಬೇಡಿ, ಫಸ್ಟು ನಾನು ಓಡಿಸ್ತೀನಿ,” ಎಂದು ಭಾಯ್ ಕೀಲಿ ತೆಗೆದುಕೊಂಡರು. ಭಾವ ಪಕ್ಕದ ಸೀಟಿಗೆ, ನಾನು ಹಿಂದೆ ಹಲಗೆಯ ಮೇಲೆ. ಜನ ಕಡಿಮೆಯಿದ್ದ ಅಗಲ ರಸ್ತೆ ಸಿಕ್ಕಾಗ ಭಾಯ್ ವೇಗ ಕಾಯ್ದುಕೊಂಡು ಸ್ಟಿಯರಿಂಗನ್ನು ಮೆಲ್ಲನೆ ಬಲಕ್ಕೆ ವಾಲಿಸಿದರು, ಗುಂಯ್ ಏರಿತು. ಎಡಕ್ಕೆ ವಾಲಿಸಿದರು, ಬಹುತೇಕ ಅಡಗಿತು. ಮತ್ತೆ ಬಲ, ಮತ್ತೆ ಎಡ. “ಲೆಫ್ಟ್ ಮುಂದಿನ ಗಾಲಿ,” ಎಂದರು ಅಷ್ಟೇ. ಗಾಡಿ ಬಲಕ್ಕೆ ತಿರುಗುವಾಗ ಅದರ ಭಾರವೆಲ್ಲ ಎಡಗಾಲಿಗಳ ಮೇಲೆ ವಾಲುತ್ತದೆ, ನೊಂದ ಬೇರಿಂಗು ಆಗ ಜೋರಾಗಿ ನರಳುತ್ತದೆ; ಎಡಕ್ಕೆ ತಿರುಗಿದಾಗ ಹೊರೆ ಇಳಿದು ಸುಮ್ಮನಾಗುತ್ತದೆ. ಗೋಡೆ ಹೇಳಿದ್ದನ್ನೇ ಭಾರವೂ ಹೇಳಿತು. ಭಾವ ಒಪ್ಪಿಕೊಂಡರು.

ಜಾಕಿ ಹಾಕುವ ಮೊದಲು ಭಾಯ್ ಹಿಂದಿನ ಗಾಲಿಗಳಿಗೆ ಎರಡು ಕಡೆಯೂ ಕಲ್ಲು ಕೊಟ್ಟರು. ಎತ್ತಿದ ಮೇಲೆ ಚಾಸಿಯ ಕೆಳಗೆ ಸ್ಟ್ಯಾಂಡು ನಿಲ್ಲಿಸಿದರು. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಕೈಯನ್ನೂ ತೂರಿಸಬಾರದು ಎಂಬುದು ಅವರ ಗ್ಯಾರೇಜಿನ ಹುಡುಗರಿಗೆ ಮೊದಲ ಪಾಠ. ಗಾಲಿಯ ನೆತ್ತಿಗೊಂದು ಕೈ, ಬುಡಕ್ಕೊಂದು ಕೈ ಕೊಟ್ಟು ಒಳಕ್ಕೂ ಹೊರಕ್ಕೂ ಅಲುಗಿಸಿದರು. ಸಣ್ಣಗೆ ಪ್ಲೇ ಇತ್ತು. ಒಬ್ಬ ಹುಡುಗ ಬ್ರೇಕ್ ತುಳಿದು ಹಿಡಿದ, ಪ್ಲೇ ನಿಂತಿತು. ಬ್ರೇಕ್ ಹಿಡಿದಾಗ ನಿಲ್ಲುವ ಅಲುಗಾಟ ಬೇರಿಂಗಿನದು, ಆಗಲೂ ನಿಲ್ಲದಿದ್ದರೆ ಬಾಲ್ ಜಾಯಿಂಟೋ ಕಿಂಗ್ ಪಿನ್ನೋ ನೋಡಬೇಕು. ಆಮೇಲೆ ಕೈಗಳನ್ನು ಎಡಬಲಕ್ಕೆ ಕೊಟ್ಟು ಅಲುಗಿಸಿದರು; ಸ್ಟಿಯರಿಂಗಿನ ರಾಡುಗಳು ಗಟ್ಟಿ ಇ​ದ್ದವು. ಕೊನೆಗೆ ಒಂದು ಕೈಯಿಂದ ಗಾಲಿ ತಿರುಗಿಸುತ್ತಾ ಇನ್ನೊಂದು ಕೈಯನ್ನು ಸಸ್ಪೆನ್ಷನ್ನಿನ ಮೇಲೆ ಇಟ್ಟು, ನನ್ನ ಕೈಯನ್ನೂ ಅಲ್ಲಿಗೆ ಎಳೆದರು. ಕಿವಿಗೆ ಏನೂ ಕೇಳದಷ್ಟು ಮೆಲ್ಲಗೆ ತಿರುಗುತ್ತಿದ್ದ ಗಾಲಿಯೊಳಗಿಂದ ಮರಳು ಅರೆದಂಥ ಸಣ್ಣ ನಡುಕ ಬೆರಳಿಗೆ ಬಂತು. ಭಾವ ಮೊದಲ ದಿನ ಹೇಳಿದ ಗರಗರ ಅದು.

ಹಬ್ ಬಿಚ್ಚಿದಾಗ ಕಾರಣ ಎದುರಿಗೇ ಇತ್ತು. ಆಯಿಲ್ ಸೀಲಿನ ತುಟಿ ಹರಿದಿತ್ತು, ಒಳಗಿನ ಗ್ರೀಸು ಹಾಲು ಬೆರೆಸಿದಂತೆ ಬೆಳ್ಳಗಾಗಿತ್ತು. ನೀರು ಹೊಕ್ಕ ಗುರುತು. ಮಳೆಗಾಲದಲ್ಲಿ ನಮ್ಮ ರೈಲ್ವೆ ಕೆಳಸೇತುವೆಗಳು ಕೆರೆಯಾಗುತ್ತವೆ. ದೂರ ಓಡಿ ಬಿಸಿಯಾದ ಹಬ್ಬು ಆ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಮೂಲಕ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆಮೇಲೆ ತುಕ್ಕು. ತುಕ್ಕಿನ ಚುಕ್ಕೆಯ ಮೇಲೆ ಉರುಳೆಗಳು ಓಡಾಡಿ ಉಕ್ಕಿನ ಚರ್ಮ ಸುಲಿಯುತ್ತದೆ. ಬೇರಿಂಗಿನ ಬಟ್ಟಲನ್ನು ಬೆಳಕಿಗೆ ಹಿಡಿದು ಭಾಯ್ ತೋರಿಸಿದರು: ಕನ್ನಡಿಯಂತೆ ಹೊಳೆಯಬೇಕಾದಲ್ಲಿ ಒಂದು ಬೆರಳಗಲದ ಜಾಗ ಪೂರ್ತಿ ಎದ್ದುಹೋಗಿತ್ತು.

ಓರೆಯಾಗಿ ಕೂರಿಸಿದ ಉರುಳೆಗಳ ಈ ಟೇಪರ್ ಬೇರಿಂಗು ಗಾಡಿ ತಯಾರಕರೊಬ್ಬರ ಕೊಡುಗೆ. ಅಮೆರಿಕದ ಹೆನ್ರಿ ಟಿಮ್ಕೆನ್ ಕುದುರೆ ಸಾರೋಟು ಮಾಡುತ್ತಿದ್ದವನು. ಭಾರ ಹೊತ್ತ ಬಂಡಿ ತಿರುವಿನಲ್ಲಿ ತಿರುಗುವಾಗ ಗಾಲಿಯನ್ನು ಪಕ್ಕಕ್ಕೆ ನೂಕುವ ಒತ್ತಡವಿದೆಯಲ್ಲ, ನೇರ ಉರುಳೆಗಳು ಅದನ್ನು ತಾಳಲಾರವು. ಮೇಲಿನ ಭಾರ, ಪಕ್ಕದ ನೂಕು ಎರಡನ್ನೂ ಹೊರುವಂತೆ ಉರುಳೆಯನ್ನು ಓರೆ ಮಾಡಿ 1898ರಲ್ಲಿ ಪೇಟೆಂಟು ಪಡೆದ. ನಮ್ಮ ಎತ್ತಿನ ಗಾಡಿಗಳಲ್ಲಿ ಉರುಳೆ ಇರಲಿಲ್ಲ. ಅಚ್ಚು, ಗುಂಬ, ಗಾಲಿ ಕಳಚದಂತೆ ಕಡಾಣಿ, ನಡುವೆ ಕೀಲೆಣ್ಣೆ. ಎಣ್ಣೆಗೆ ಹುಲ್ಲಿನ ಮಸಿ ಕಲಸಿದ ಆ ಕರಿ ಮುದ್ದೆಯನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಕೆಳಗೇ ತೂಗುಹಾಕುತ್ತಿದ್ದರು. ಗಾಲಿ ಕಿರುಗುಟ್ಟಿದರೆ ನಡುದಾರಿಯಲ್ಲೇ ನಿಲ್ಲಿಸಿ ಹಚ್ಚುವುದು. ಕೀಲೆಣ್ಣೆ ಮುಗಿದದ್ದನ್ನು ಗಾಲಿಯೇ ಕೂಗಿ ಹೇಳುತ್ತಿತ್ತು, ಗಾಡಿಯವನು ಕೇಳುತ್ತಿದ್ದ.

ಭಾಯ್ ಇರುವ ಬೀದಿಯಿಂದ ನಾಲ್ಕು ಹೆಜ್ಜೆ ನಡೆದರೆ ಗುಜರಿ. ಬಾಗಿಲು, ಬಾನೆಟ್ಟು, ಹೆಡ್‌ಲೈಟು, ಗೇರ್ ಬಾಕ್ಸು, ಕಂಪನಿಯವರೇ ಮಾಡುವುದು ಬಿಟ್ಟ ಬಿಡಿಭಾಗಗಳೂ ಅಲ್ಲಿ ರಾಶಿಯಲ್ಲಿ ಸಿಗುತ್ತವೆ. ಆ ಅಂಗಡಿಗಳು ಇಲ್ಲದಿದ್ದರೆ ಈ ಊರಿನ ಎಷ್ಟೋ ಹಳೆಯ ಗಾಡಿಗಳು ಎಂದೋ ರಸ್ತೆ ಬಿಡುತ್ತಿದ್ದವು, ಅವುಗಳನ್ನು ನಂಬಿದ ಸಂಸಾರಗಳಿಗೂ ಕಷ್ಟವಾಗುತ್ತಿತ್ತು. ಗುಜರಿಯನ್ನು ಕೊಳಕೆಂದು ಮೂಗು ಮುರಿಯುವವರು ಅಲ್ಲೊಂದು ಬೆಳಿಗ್ಗೆ ನಿಂತು ಯಾರು ಯಾರು ಬರುತ್ತಾರೆ ಎಂದು ನೋಡಬೇಕು. ಆದರೆ ಮೂರು ವಸ್ತು ಮಾತ್ರ ಅಲ್ಲಿ ಕೊಳ್ಳಬಾರದು: ಬೇರಿಂಗು, ಸೀಲು, ಬ್ರೇಕಿನ ಒಳಗಿನದು. ಬೇರಿಂಗು ಹೊಸದೇ ಬೇಕು. ಉಂಗುರದ ಮೇಲೆ ಕೊರೆದ ನಂಬರನ್ನು ಹಳೆಯದರ ಜೊತೆ ಹೋಲಿಸಿ ತೆಗೆದುಕೊಳ್ಳಬೇಕು. ಅಚ್ಚಿನ ಬಣ್ಣ ಮಾಸಿದ ಡಬ್ಬಿ, ಬಿಲ್ಲಿಲ್ಲದ ಅಗ್ಗದ ಮಾಲು ಮುಟ್ಟಬಾರದು, ನಕಲಿ ಬೇರಿಂಗುಗಳ ಹಾವಳಿ ಜಾಸ್ತಿ. ಒಳಗಿನದು ಹೊರಗಿನದು ಎರಡನ್ನೂ, ಬಟ್ಟಲು ಸಮೇತ ಬದಲಿಸಬೇಕು. ಹಳೆಯ ಬಟ್ಟಲಿಗೆ ಹೊಸ ಉರುಳೆ ಕೂರಿಸಿದರೆ ಬೇಗನೇ ಅದೇ ಗುಂಯ್ ವಾಪಸ್.

ಭಾಯ್ ಗ್ರೀಸು ತುಂಬಿದ ಬಗೆ ನೋಡುವಂತಿತ್ತು. ಅಂಗೈಯಲ್ಲಿ ಗ್ರೀಸಿನ ಮುದ್ದೆ ಇಟ್ಟುಕೊಂಡು, ಬೇರಿಂಗಿನ ಅಗಲದ ಅಂಚನ್ನು ಅದಕ್ಕೆ ಒತ್ತಿ ಒತ್ತಿ ಎಳೆಯುತ್ತಾ, ಎದುರು ಬದಿಯಲ್ಲಿ ಉರುಳೆಗಳ ನಡುವಿನಿಂದ ಗ್ರೀಸು ಹುಳುವಿನಂತೆ ಹೊರಬರುವವರೆಗೆ ಬಿಡಲಿಲ್ಲ. ಹಬ್ ಕೂರಿಸಿ, ಗಾಲಿ ತಿರುಗಿಸುತ್ತಲೇ ನಟ್ಟು ಬಿಗಿದು, ಆಮೇಲೆ ಕೂದಲೆಳೆಯಷ್ಟು ಹಿಂದಕ್ಕೆ ಬಿಟ್ಟು ಸ್ಪ್ಲಿಟ್ ಪಿನ್ ಹಾಕಿದರು. ಬಿಗಿ ಹೆಚ್ಚಾದರೆ ಬೇರಿಂಗು ಸುಡುತ್ತದೆ, ಸಡಿಲವಾದರೆ ಗಾಲಿ ಅಲ್ಲಾಡುತ್ತದೆ. ಹಳೆಯ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕಲು ಹೊರಟ ಹುಡುಗನ ಕೈಯಿಂದ ಅದನ್ನು ಕಿತ್ತು ಮೋರಿಗೆ ಎಸೆದರು. “ಎರಡು ರೂಪಾಯಿ ಮಾಲು ಮೇಲೆ ಒಂದು ಗಾಲಿ ನಿಂತಿದೆ ಕಣೋ.”

ಹೊರಡುವಾಗ ಭಾವನಿಗೆ ಅವರು ಹೇಳಿದ್ದಿಷ್ಟು: “ಇವತ್ತು ಹೊಸಕೋಟೆವರೆಗೂ ಒಂದೇ ಸಮ ಓಡಿಸಿ, ನಿಲ್ಲಿಸಿದ ತಕ್ಷಣ ಇಳಿದು ಹಿಂಗೈಯಿಂದ ನಾಲ್ಕೂ ಹಬ್ ಹತ್ತಿರ ತೋರಿಸಿ ನೋಡಿ. ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಫೋನ್ ಮಾಡಿ. ನೂರು ಕಿಲೋಮೀಟರ್ ಆದ ಮೇಲೆ ವೀಲ್ ನಟ್ಟು ಇನ್ನೊಂದು ಸಲ ಬಿಗೀರಿ. ಆ ಕಡೆ ಗಾಲೀನೂ ಅದೇ ನೀರು ಕುಡಿದಿರುತ್ತೆ, ಸದ್ದು ಬರೋ ತನಕ ಕಾಯಬೇಡಿ, ಮುಂದಿನ ವಾರ ತನ್ನಿ, ಬಿಚ್ಚಿ ನೋಡೋಣ.” ಭಾವ ತಲೆಯಾಡಿಸಿ ಕೀಲಿ ತಿರುಗಿಸಿದರು. ಹಲಸೂರು ದಾಟುವವರೆಗೆ ಇಬ್ಬರೂ ರೇಡಿಯೋ ಹಾಕಲಿಲ್ಲ. ಬೈಯಪ್ಪನಹಳ್ಳಿಯ ಹತ್ತಿರ ಭಾವನೇ ಹೇಳಿದರು, “ಗುಂಯ್ ಹೋಯ್ತು. ಆದರೆ ಹಿಂದಿನ ಪಟ್ಟಿ ಬುಷ್ಷು ಕಿರ್ ಅನ್ನೋದು ಈಗ ಕೇಳ್ತಿದೆ ನೋಡು. ಅದನ್ನೂ ಮುಂದಿನ ವಾರವೇ ಹೇಳಬೇಕು.”